ಬರಹಗಾರರಿಗೆ ಸಲಹೆ: ಕಂಪನಿಯಿಂದ ಸರ್ಕಾರಕ್ಕೆ ಹೋದವರ ಬಗ್ಗೆ ಬರೆಯುವಾಗ

ಮಾನ್ಯರೇ,

ನಂದನ್ ನಿಲೇಕಣಿಯವರು ಇನ್ಫೋಸಿಸ್‌ನಿಂದ ಸರ್ಕಾರಕ್ಕೆ ಬಂದ ಹಾದಿಯನ್ನು ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಶ್ರಮವೂ ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ನಮ್ಮಿಂದ ಆಗುವುದಿಲ್ಲ. ಕಾರಣವನ್ನು ಮುಚ್ಚಿಡದೆ ಹೇಳುವುದೇ ನಿಮ್ಮ ಶ್ರಮಕ್ಕೆ ನಾನು ತೋರಬೇಕಾದ ಗೌರವವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ.

ಲೇಖನವು ಸನ್ಮಾನ ಸಮಾರಂಭದಲ್ಲಿ ಓದುವ ಅಭಿನಂದನಾ ಪತ್ರದಂತಿದೆ. 1981ರಲ್ಲಿ ಏಳು ಜನ ಸೇರಿ ಕಂಪನಿ ಕಟ್ಟಿದ್ದು, 2002ರಿಂದ 2007ರವರೆಗೆ ಅವರು ಅದರ ಮುಖ್ಯ ಕಾರ್ಯನಿರ್ವಾಹಕರಾಗಿದ್ದದ್ದು, 2009ರಲ್ಲಿ ಸಂಪುಟ ಸಚಿವರ ದರ್ಜೆಯೊಂದಿಗೆ, ಆಧಾರ್ ಸಂಖ್ಯೆ ನೀಡುವ ವಿಶಿಷ್ಟ ಗುರುತಿನ ಪ್ರಾಧಿಕಾರದ ಅಧ್ಯಕ್ಷರಾದದ್ದು, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಆದರೆ ಹುದ್ದೆಯ ಜೊತೆಗೆ ಅವರ ಅಧಿಕಾರದ ಸ್ವರೂಪವೂ ಬದಲಾಯಿತೆಂಬುದು ಎಲ್ಲಿಯೂ ಕಾಣುವುದಿಲ್ಲ. ಕಂಪನಿಯಲ್ಲಿ ನಿರ್ದೇಶಕ ಮಂಡಳಿ ಒಪ್ಪಿದರೆ ಕೆಲಸ ಸಾಗುತ್ತದೆ. ಸರ್ಕಾರದಲ್ಲಿ ಕಡತ, ಸಂಪುಟ, ಸಂಸತ್ತು, ನ್ಯಾಯಾಲಯ ಇಷ್ಟನ್ನೂ ದಾಟಬೇಕು. ಓದುಗರು ಹುಡುಕುವ ಕಥೆ ಅಲ್ಲಿದೆ.

2010ರಲ್ಲಿ ಆಧಾರ್ ಕಾಯ್ದೆ ಬಂತೆಂದು ನೀವು ಬರೆದಿದ್ದೀರಿ. ಈ ಒಂದು ತಪ್ಪಿನಿಂದ ಲೇಖನದ ಜೀವಾಳವೇ ಕೈತಪ್ಪಿದೆ. ಆ ವರ್ಷ ಮಂಡನೆಯಾದದ್ದು ಮಸೂದೆ. ಯಶವಂತ ಸಿನ್ಹಾ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ 2011ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಗ್ರಾಮದಲ್ಲಿ ಮೊದಲ ಸಂಖ್ಯೆ ಕೊಟ್ಟಾಗಲೂ, ಆಮೇಲೆ ಕೋಟ್ಯಂತರ ಜನರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ಪಡೆದಾಗಲೂ ಪ್ರಾಧಿಕಾರದ ಕೈಯಲ್ಲಿದ್ದದ್ದು ಒಂದು ಅಧಿಸೂಚನೆ ಮಾತ್ರ. ಜನರ ಮಾಹಿತಿ ಸಂಗ್ರಹಿಸುವ ಅಧಿಕಾರ ಯಾರದೆಂದು ಗೃಹ ಸಚಿವಾಲಯದೊಡನೆ ತಕರಾರು ಎದ್ದು, 2012ರಲ್ಲಿ ಸಂಪುಟವೇ ಅದನ್ನು ಬಗೆಹರಿಸಬೇಕಾಯಿತು. ಕಾಯ್ದೆ ಬಂದದ್ದು 2016ರಲ್ಲಿ, ನಿಲೇಕಣಿಯವರು ಹುದ್ದೆ ಬಿಟ್ಟು ಎರಡು ವರ್ಷವಾದ ಮೇಲೆ, ಅವರನ್ನು 2014ರ ಲೋಕಸಭಾ ಚುನಾವಣೆಯಲ್ಲಿ ಸೋಲಿಸಿದ ಬಿಜೆಪಿಯ ಆಡಳಿತದಲ್ಲಿ. ತಾನು ಕಟ್ಟಿದ್ದಕ್ಕೆ ಕಾನೂನಿನ ತಳಪಾಯವನ್ನು ಎದುರಾಳಿಗಳು ಹಾಕಿಕೊಟ್ಟದ್ದನ್ನು ಆ ಮನುಷ್ಯ ಹೇಗೆ ಕಂಡಿರಬಹುದು ಎಂಬ ಕುತೂಹಲವೇ ನಿಮಗೆ ಹುಟ್ಟಲಿಲ್ಲವೆಂಬುದು ನನಗೆ ನೋವು ತಂದಿತು.

ಎದುರು ನಿಂತವರ ಹೆಸರೂ ಲೇಖನದಲ್ಲಿಲ್ಲ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು, ಬೆಂಗಳೂರಿನವರೇ, ಆಗ 80 ದಾಟಿದವರು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ಹೇಳಿದ್ದು ಅವರ ಪ್ರಕರಣದಲ್ಲಿ. ಮರುವರ್ಷ ಬಹುಮತದ ತೀರ್ಪು ಆಧಾರ್ ಅನ್ನು ಎತ್ತಿಹಿಡಿಯಿತಾದರೂ ಬ್ಯಾಂಕ್ ಖಾತೆಗೆ, ಮೊಬೈಲ್ ಸಂಖ್ಯೆಗೆ ಅದನ್ನು ಕಡ್ಡಾಯವಾಗಿ ಜೋಡಿಸುವಂತಿಲ್ಲವೆಂದಿತು. ಒಂದೇ ಊರಿನ ಇಬ್ಬರು ಹಿರಿಯರು ಒಂದೇ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಹಿಡಿದದ್ದು ಬೆಂಗಳೂರಿನ ಬರಹಗಾರರಿಗೆ ತಾನಾಗಿ ಒದಗಿಬಂದ ವಸ್ತು.

ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್‌ಗೆ ನೀವು ಕೊಟ್ಟದ್ದು ಒಂದೇ ವಾಕ್ಯ. ನನ್ನನ್ನು ಕೇಳಿದರೆ ಲೇಖನ ಅಲ್ಲಿಂದಲೇ ಶುರುವಾಗಬೇಕು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನಗರದ ಸುಧಾರಣೆಗೆಂದು ರಚಿಸಿದ ಆ ಕಾರ್ಯಪಡೆಯ ನೇತೃತ್ವ ವಹಿಸಿದಾಗಲೇ ನಿಲೇಕಣಿಯವರು ಆಡಳಿತದ ಅಂಗಳಕ್ಕೆ ಕಾಲಿಟ್ಟಿದ್ದರು. ಮನೆ ಮಾಲೀಕರೇ ಲೆಕ್ಕ ಹಾಕಿ ಕಂದಾಯ ಕಟ್ಟುವ ಪದ್ಧತಿ ನಗರಕ್ಕೆ ಬಂದದ್ದು ಆ ಕಾಲದಲ್ಲಿ. ಚುನಾಯಿತ ಕಾರ್ಪೊರೇಟರ್‌ಗಳನ್ನು ಬದಿಗಿಟ್ಟು ನಗರದ ವಿಷಯ ತೀರ್ಮಾನಿಸಲಾಗುತ್ತಿದೆಯೆಂಬ ಆಕ್ಷೇಪ ಕೇಳಿಬಂದದ್ದೂ ಆಗಲೇ. ಆ ಕಂದಾಯದ ಅರ್ಜಿಗಳನ್ನು ಕೈಯಾರೆ ಪರಿಶೀಲಿಸಿದ ಪಾಲಿಕೆಯ ನಿವೃತ್ತ ನೌಕರರು ಇನ್ನೂ ನಮ್ಮ ನಡುವೆ ಇದ್ದಾರೆ. ಇಂಟರ್ನೆಟ್ ಬಿಟ್ಟು ಅವರಲ್ಲಿಗೆ ಹೋಗಿ.

2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತ ನಿಲೇಕಣಿಯವರು ಬಿಜೆಪಿಯ ಅನಂತಕುಮಾರ್ ಎದುರು 2 ಲಕ್ಷ 28 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತದ್ದನ್ನು ‘ರಾಜಕೀಯ ಅವರಿಗೆ ಒಗ್ಗಲಿಲ್ಲ’ ಎಂದು ಮುಗಿಸಿದ್ದೀರಿ. ಅದು ಸಾಲದು. 1996ರಿಂದ ಸತತವಾಗಿ ಅನಂತಕುಮಾರ್ ಗೆಲ್ಲುತ್ತಿದ್ದ ಆ ಕ್ಷೇತ್ರದಲ್ಲಿ, ಬಸವನಗುಡಿ ಮತ್ತು ಜಯನಗರದ ಮತದಾರರು ಸಾಧನೆಯ ಪಟ್ಟಿಯನ್ನು ಹೇಗೆ ತೂಗಿದರೆಂದು ಅವರ ಬಾಯಿಂದಲೇ ಕೇಳಿ ಬರೆಯಿರಿ. ‘ದೂರದೃಷ್ಟಿ’ ಎಂಬ ಪದವನ್ನು ಎಲ್ಲ ಕಡೆ ತೆಗೆದುಹಾಕಿ. 2017ರಲ್ಲಿ ಕಂಪನಿಗೆ ಮರಳಿದ್ದಕ್ಕೆ ಎರಡು ಸಾಲು ಸಾಕು.

ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ನೀವು ಮಾತನಾಡಿಸಿದ ಪಾಲಿಕೆ ನೌಕರರು ಹೇಳಿದ್ದನ್ನು ಬರೆದುಕೊಂಡ ಟಿಪ್ಪಣಿಗಳೂ ಜೊತೆಗಿರಲಿ.

ವಿಶ್ವಾಸದಿಂದ,
ಸಂಪಾದಕ