ಟಿಪಿ-ಲಿಂಕ್‌ನ ಮೆಶ್ ವೈಫೈ ಸೆಟ್ ಡೆಕೊ ಎಂ4 ಯೂನಿಟ್‌ಗಳಿಗೆ ಕೇಬಲ್ ಎಳೆದರೆ ಮಹಡಿಯಲ್ಲಿ ಸ್ಪೀಡ್ ಬರುತ್ತದಾ? ಯಾವುದನ್ನು ಎಲ್ಲಿಗೆ ಚುಚ್ಚಬೇಕು?

300 ಎಂಬಿಪಿಎಸ್ ಫೈಬರ್, ಆರ್‌ಸಿಸಿ ಮನೆ, ಮೂರು ಎಂ4, ಮಹಡಿಯಲ್ಲಿ 60 ಕೂಡ ಬರುತ್ತಿಲ್ಲ ಎಂದಿದ್ದೀರಿ. ಕೇಬಲ್ ಎಳೆಯಿರಿ, ಖಂಡಿತ ಬರುತ್ತದೆ. ಎಂ4ರಲ್ಲಿ ಫೋನ್ ಜೊತೆಗೂ ಪಕ್ಕದ ಯೂನಿಟ್ ಜೊತೆಗೂ ಮಾತಾಡುವುದು ಒಂದೇ 5 ಗಿಗಾಹರ್ಟ್ಸ್ ರೇಡಿಯೋ. ಅರ್ಧ ಸಮಯ ಅಲ್ಲೇ ಹೋಯಿತು, ಉಳಿದದ್ದನ್ನು ಸ್ಲ್ಯಾಬ್ ನುಂಗುತ್ತದೆ.

ಹೆಚ್ಚಿನವರು ಎಡವುವುದು ಜೋಡಣೆಯ ಕ್ರಮದಲ್ಲಿ. ಫೈಬರ್ ಬಾಕ್ಸಿನಲ್ಲಿ ನಾಲ್ಕು ಪೋರ್ಟ್ ಇದೆ ಎಂದು ಮೂರೂ ಯೂನಿಟ್‌ಗಳನ್ನು ಅದಕ್ಕೇ ಚುಚ್ಚಿಬಿಡುತ್ತಾರೆ. ಡೆಕೊ ರೂಟರ್ ಮೋಡ್‌ನಲ್ಲಿದ್ದರೆ, ಅಂದರೆ ಮನೆಯ ನೆಟ್‌ವರ್ಕನ್ನು ತಾನೇ ನಡೆಸುತ್ತಿದ್ದರೆ, ಇದು ನಡೆಯುವುದಿಲ್ಲ; ಉಳಿದ ಯೂನಿಟ್‌ಗಳು ಮುಖ್ಯ ಯೂನಿಟ್‌ನ ಹಿಂದೆಯೇ ಇರಬೇಕು. ಫೈಬರ್ ಬಾಕ್ಸಿನಿಂದ ಮುಖ್ಯ ಡೆಕೊ, ಅದರ ಇನ್ನೊಂದು ಪೋರ್ಟಿನಿಂದ 5 ಪೋರ್ಟಿನ ಸಾದಾ ಗಿಗಾಬಿಟ್ (1000 ಎಂಬಿಪಿಎಸ್) ನೆಟ್‌ವರ್ಕ್ ಸ್ವಿಚ್, ಸ್ವಿಚ್ಚಿನಿಂದ ಎರಡು ಯೂನಿಟ್‌ಗಳಿಗೆ ಒಂದೊಂದು ಕೇಬಲ್. ಬಾಕ್ಸಿಗೇ ಚುಚ್ಚಬೇಕೆಂದಿದ್ದರೆ ಡೆಕೊ ಆ್ಯಪ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರ್ ಕೆಲಸ ಬಾಕ್ಸಿಗೇ ಬಿಟ್ಟು ಡೆಕೊ ಬರೀ ವೈಫೈ ಕೊಡುವ ರೀತಿಗೆ) ಬದಲಿಸಿ. ಯೂನಿಟ್‌ಗಳನ್ನು ಮೊದಲು ವೈರ್‌ಲೆಸ್‌ನಲ್ಲೇ ಸೇರಿಸಿಕೊಂಡು ಆಮೇಲೆ ಕೇಬಲ್ ಹಾಕಿ. ಒಂದೆರಡು ನಿಮಿಷದಲ್ಲಿ ಆ್ಯಪ್‌ನಲ್ಲಿ ಆ ಯೂನಿಟ್‌ನ ಸಂಪರ್ಕ ಈಥರ್ನೆಟ್ (ಕೇಬಲ್) ಎಂದು ಬದಲಾಗಬೇಕು.

ಕೇಬಲ್ ಕೊಳ್ಳುವಾಗ ಜಿಪುಣತನ ಬೇಡ. ಕ್ಯಾಟ್6 ಎಂದು ಅಗ್ಗಕ್ಕೆ ಮಾರುವುದರಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಬರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಪೂರ್ತಿ ತಾಮ್ರದ ಕ್ಯಾಟ್5ಇ ಅದಕ್ಕಿಂತ ಎಷ್ಟೋ ಮೇಲು, 100 ಮೀಟರ್‌ವರೆಗೆ ಗಿಗಾಬಿಟ್‌ಗೆ ಸಾಕು. ಕರೆಂಟ್ ವೈರಿನ ಪೈಪಿನೊಳಗೆ ಮಾತ್ರ ತೂರಿಸಬೇಡಿ. ಮಹಡಿಗೆ ಡಿಶ್ ಕೇಬಲ್ ಹೋಗಿರುವ ಪೈಪ್ ಇದ್ದರೆ, ಆ ಹಳೇ ಕೇಬಲಿಗೇ ಹೊಸದನ್ನೂ ಒಂದು ನೈಲಾನ್ ದಾರವನ್ನೂ ಕಟ್ಟಿ ಎಳೆಯಬಹುದು. ದಾರ ಒಳಗೇ ಇರಲಿ, ಮುಂದೆ ಇನ್ನೊಂದು ಕೇಬಲ್ ಎಳೆಯಲು ಬೇಕಾಗುತ್ತದೆ.

ಕೇಬಲ್ ತುದಿಗೆ ಹಾಕುವ ಕನೆಕ್ಟರಿನ ಲೋಹದ ಪಿನ್‌ಗಳು ನಿಮ್ಮ ಕಡೆಗಿದ್ದು, ತಂತಿ ಕೆಳಗಿನಿಂದ ಒಳಹೋಗುವಂತೆ ಹಿಡಿದಾಗ ಎಡದಿಂದ ಬಣ್ಣಗಳು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಎಲ್ಲ ಮುಗಿದ ಮೇಲೂ ಸ್ಪೀಡ್ 94ರ ಆಸುಪಾಸಿನಲ್ಲೇ ನಿಂತರೆ ಕನೆಕ್ಷನ್ ಕೊಟ್ಟವರನ್ನು ಬೈಯಬೇಡಿ, ಕ್ರಿಂಪ್ (ಕನೆಕ್ಟರಿನಲ್ಲಿ ತಂತಿ ಒತ್ತಿ ಕೂರಿಸಿದ್ದು) ನೋಡಿ. 100 ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಜೋಡಿಗಳೇ ಸಾಕು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ನೀಲಿಯೋ ಕಂದೋ ಸರಿಯಾಗಿ ಕೂತಿರುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಟೆಸ್ಟರ್ ಇದನ್ನು ತಕ್ಷಣ ತೋರಿಸುತ್ತದೆ.

ಕರೆಂಟ್ ಹೋದಾಗ ಬರೀ ಫೈಬರ್ ಬಾಕ್ಸಿಗೂ ಡೆಕೊಗಳಿಗೂ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಮರೆಯಬೇಡಿ. ಸ್ವಿಚ್ ಆರಿದರೆ ಮೇಲಿನ ಯೂನಿಟ್‌ಗಳು ವೈರ್‌ಲೆಸ್‌ಗೆ ಮರಳುತ್ತವೆ, ಸ್ಪೀಡ್ ಮತ್ತೆ 60ಕ್ಕೆ ಇಳಿಯುತ್ತದೆ.