ಎಲ್‌ಎಲ್‌ಝಡ್‌ಓ ಪೆಲೆಟ್ ಪುಡಿಯಾಯಿತು ಅಂತ ಸಲ್ಫೈಡ್‌ಗೆ ಹೋಗಬೇಡಿ

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಘನ ಬ್ಯಾಟರಿಗೆ ಅಂತ ಡೋಪಿಂಗ್ (ಬೇರೆ ಧಾತು ಸ್ವಲ್ಪ ಬೆರೆಸುವುದು) ಇಲ್ಲದ ಎಲ್‌ಎಲ್‌ಝಡ್‌ಓ ಪೆಲೆಟ್ ಮಾಡಿ 1000 ಡಿಗ್ರಿಯಲ್ಲಿ ಸಿಂಟರ್ ಮಾಡಿದ್ದೀರಿ, ಅಂದರೆ ಒತ್ತಿದ ಬಿಲ್ಲೆಯನ್ನು ಸುಟ್ಟು ಗಟ್ಟಿ ಮಾಡಿದ್ದೀರಿ. ಎಲ್‌ಎಲ್‌ಝಡ್‌ಓ ಅಂದರೆ ಲಿಥಿಯಂ, ಲ್ಯಾಂಥನಮ್, ಜಿರ್ಕೋನಿಯಂ ಸೇರಿದ ಆಕ್ಸೈಡ್, ದ್ರವದ ಬದಲು ಲಿಥಿಯಂ ಅಯಾನು ಸಾಗಿಸುವ ಘನ ಎಲೆಕ್ಟ್ರೋಲೈಟ್. ವಾಹಕತೆ ಸೆಂಟಿಮೀಟರಿಗೆ 0.001 ಮಿಲಿಸೀಮನ್ಸ್ ಬಂದಿದೆ. ವಾರದೊಳಗೆ ಪೆಲೆಟ್ ಡಬ್ಬಿಯಲ್ಲೇ ಪುಡಿಯಾಗಿದೆ. ಗ್ಲವ್ ಬಾಕ್ಸ್ (ಹೊರಗಿನ ಗಾಳಿ, ತೇವ ತಾಗದ ಮುಚ್ಚಿದ ಪೆಟ್ಟಿಗೆ) ಇಲ್ಲ, ಊರು ಮಂಗಳೂರು ಕಡೆ. ಇದನ್ನು ಬಿಟ್ಟು ಸಲ್ಫೈಡ್ (ಗಂಧಕ ಇರುವ ಘನ ಎಲೆಕ್ಟ್ರೋಲೈಟ್) ಮಾಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಸಲ್ಫೈಡ್ ಮುಟ್ಟಬೇಡಿ. ಅದರ ಆಸೆ ನನಗೂ ಅರ್ಥವಾಗುತ್ತದೆ. 2011ರಲ್ಲಿ ಜಪಾನಿನಲ್ಲಿ ರ್ಯೋಜಿ ಕಾನ್ನೊ ಅವರ ತಂಡ ಜರ್ಮೇನಿಯಂ ಇರುವ ಸಲ್ಫೈಡ್‌ನಲ್ಲಿ 12 ಮಿಲಿಸೀಮನ್ಸ್ ತೋರಿಸಿತು. ಅಂದರೆ ಈಗಿನ ದ್ರವ ಎಲೆಕ್ಟ್ರೋಲೈಟ್‌ನ ಮಟ್ಟ. ಸಲ್ಫೈಡ್ ಮೆತ್ತಗಿರುತ್ತದೆ, ಬಿಸಿ ಮಾಡದೆ ಪ್ರೆಸ್‌ನಲ್ಲಿ ಒತ್ತಿದರೂ ಸಾಕಷ್ಟು ಗಟ್ಟಿಯಾಗಿ ಕೂರುತ್ತದೆ. ಕಂಪನಿಗಳು ಅದರ ಹಿಂದೆ ಬಿದ್ದಿರುವುದು ಅದಕ್ಕೇ. ಆದರೆ ಗಾಳಿಯ ತೇವ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100) ಹೊತ್ತಿಗೆ ಮೂಗು ಸೋತು ವಾಸನೆಯೇ ಗೊತ್ತಾಗುವುದಿಲ್ಲ. ಅಪಾಯ ಜಾಸ್ತಿಯಾದಾಗಲೇ ಎಚ್ಚರಿಕೆ ನಿಂತುಹೋಗುತ್ತದೆ. ಕರಾವಳಿಯ ಮಳೆಗಾಲದಲ್ಲಿ, ಗ್ಲವ್ ಬಾಕ್ಸ್ ಇಲ್ಲದೆ, ಇದು ಸಾಧ್ಯವೇ ಇಲ್ಲ.

ಈಗ ನಿಮ್ಮ ಪೆಲೆಟ್ ವಿಷಯ. ನಿಮಗೆ ಒಂದಲ್ಲ, ಎರಡು ತೊಂದರೆ ಬಂದಿವೆ ಅಂತ ನನ್ನ ಅನಿಸಿಕೆ.

ಮೊದಲನೆಯದು ವಾಹಕತೆ. ಎಲ್‌ಎಲ್‌ಝಡ್‌ಓಗೆ ಎರಡು ಸ್ಫಟಿಕ ರೂಪ. ಕ್ಯೂಬಿಕ್ ಒಂದು, ಟೆಟ್ರಾಗೋನಲ್ ಇನ್ನೊಂದು. ಟೆಟ್ರಾಗೋನಲ್‌ನಲ್ಲಿ ಲಿಥಿಯಂ ಅಯಾನುಗಳು ಒಂದೊಂದೂ ತಮ್ಮ ಜಾಗದಲ್ಲಿ ಶಿಸ್ತಾಗಿ ಕೂತಿರುತ್ತವೆ. ಸರಿಯಲು ಖಾಲಿ ಜಾಗ ಇರುವುದಿಲ್ಲ. ಹಾಗಾಗಿ ವಾಹಕತೆ ಕ್ಯೂಬಿಕ್‌ಗಿಂತ ನೂರು ಪಟ್ಟು ಕಡಿಮೆ. ನಿಮ್ಮ 0.001 ಅದನ್ನೇ ಹೇಳುತ್ತಿದೆ. ಡೋಪಿಂಗ್ ಇಲ್ಲದಿದ್ದರೆ ಕೋಣೆಯ ಉಷ್ಣತೆಯಲ್ಲಿ ನಿಲ್ಲುವುದು ಟೆಟ್ರಾಗೋನಲ್ಲೇ.

'2007ರ ಪೇಪರ್‌ನಲ್ಲಿ ಡೋಪಿಂಗ್ ಇಲ್ಲದೆಯೇ 0.3 ಬಂದಿದೆಯಲ್ಲ' ಅಂತ ಬರೆದಿದ್ದೀರಿ. ಒಳ್ಳೆಯ ಪ್ರಶ್ನೆ. ಜರ್ಮನಿಯ ಕೀಲ್‌ನಲ್ಲಿ ವೆಪ್ನರ್ ಅವರ ಜೊತೆ ಮುರುಗನ್ ಮತ್ತು ತಂಗದುರೈ ಆ ಕೆಲಸ ಮಾಡಿದ್ದರು. ಮುರುಗನ್ ಆಮೇಲೆ ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಇದೇ ವಸ್ತುವಿನ ಮೇಲೆ ಕೆಲಸ ಮುಂದುವರಿಸಿದರು. 2007ರ ಆ ಕೆಲಸದಲ್ಲಿ ಅಲ್ಯೂಮಿನಾ ಕ್ರೂಸಿಬಲ್‌ನಿಂದ (ಸುಡುವ ಪಾತ್ರೆಯಿಂದ) ಅಲ್ಯೂಮಿನಿಯಂ ಬೇಡದೆಯೇ ಪೆಲೆಟ್ ಒಳಗೆ ಸೇರಿ ಕ್ಯೂಬಿಕ್ ರೂಪವನ್ನು ಹಿಡಿದು ನಿಲ್ಲಿಸಿತ್ತು ಎಂಬುದು ಕೆಲವು ವರ್ಷಗಳ ನಂತರ ತಿಳಿಯಿತು. ನನಗೆ ಈ ಕಥೆ ತುಂಬಾ ಇಷ್ಟ. ಪಾತ್ರೆಯೂ ಪಾಕದಲ್ಲಿ ಸೇರಿತ್ತು, ಅಲ್ವಾ? ಆದರೆ ಹಾಗೆ ಸೇರುವ ಅಲ್ಯೂಮಿನಿಯಂ ಪ್ರತಿ ಬ್ಯಾಚ್‌ಗೂ ಬೇರೆ. ಅದನ್ನು ನಂಬಿ ಕೂರಬೇಡಿ.

ಟ್ಯಾಂಟಲಮ್ ಹಾಕಿ. ಲಿಥಿಯಂ 6.4, ಲ್ಯಾಂಥನಮ್ 3, ಜಿರ್ಕೋನಿಯಂ 1.4, ಟ್ಯಾಂಟಲಮ್ 0.6 ಎಂಬ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ. ಟ್ಯಾಂಟಲಮ್‌ಗೆ ಒಂದು ಚಾರ್ಜ್ ಜಾಸ್ತಿ ಇರುವುದರಿಂದ ಅಷ್ಟು ಲಿಥಿಯಂ ಕಡಿಮೆ ಸಾಕು. ಅಲ್ಲೇ ಖಾಲಿ ಜಾಗ ಸಿಗುತ್ತದೆ. ಚೆನ್ನಾಗಿ ಬಂದರೆ ವಾಹಕತೆ 1 ಮಿಲಿಸೀಮನ್ಸ್ ಹತ್ತಿರ ಹೋಗುತ್ತದೆ.

ಎರಡನೆಯದು ಪುಡಿಯಾಗುವುದು. ಇಲ್ಲಿ ನನ್ನ ಅನುಮಾನವೆಲ್ಲ ಲ್ಯಾಂಥನಮ್ ಆಕ್ಸೈಡ್ ಮೇಲೆ. ಅದು ಗಾಳಿಯ ತೇವವನ್ನು ಸುಮ್ನೆ ಕೂತಲ್ಲೇ ಹೀರುತ್ತದೆ. ಪೂರ್ತಿ ಹೈಡ್ರಾಕ್ಸೈಡ್ ಆದರೆ ತೂಕ 16 ಶೇಕಡಾಕ್ಕಿಂತ ಜಾಸ್ತಿ ಏರುತ್ತದೆ. ಬಾಟಲಿಯಿಂದ ತೆಗೆದು ಹಾಗೇ ತೂಗಿದರೆ ನೀವು ಹಾಕಿದ್ದು ಲೆಕ್ಕಕ್ಕಿಂತ ಕಡಿಮೆ ಲ್ಯಾಂಥನಮ್, ಉಳಿದದ್ದು ನೀರು. ನಾನು ಹೀಗೇ ಒಂದು ಮಳೆಗಾಲ ಪೂರ್ತಿ ಕಳೆದುಕೊಂಡೆ. ಫರ್ನೇಸ್ ಸರಿ ಇಲ್ಲ ಅಂತ ಮೂರು ಸಲ ಥರ್ಮೋಕಪಲ್ ಬದಲಾಯಿಸಿದೆ. ತಪ್ಪು ಇದ್ದದ್ದು ತಕ್ಕಡಿಯ ಹತ್ತಿರ. ಇನ್ನೊಂದು ಕಡೆ, 1000 ಡಿಗ್ರಿಯಲ್ಲಿ ರಿಯಾಕ್ಷನ್ ಪೂರ್ತಿಯಾಗದೆ ಲ್ಯಾಂಥನಮ್ ಆಕ್ಸೈಡ್ ಪೆಲೆಟ್ ಒಳಗೆ ಉಳಿದಿದ್ದರೆ, ಅದು ಆಮೇಲೆ ತೇವ ಹೀರಿ ಉಬ್ಬುತ್ತದೆ. ಒಳಗಿನಿಂದಲೇ ಪೆಲೆಟ್ ಒಡೆಯುತ್ತದೆ, ಥೇಟ್ ಸುಟ್ಟ ಸುಣ್ಣದಕಲ್ಲು ಅರಳಿದ ಹಾಗೆ.

ಹಾಗಾಗಿ ತೂಗುವ ಮೊದಲು ಲ್ಯಾಂಥನಮ್ ಆಕ್ಸೈಡನ್ನು 900 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. 200 ಡಿಗ್ರಿಗೆ ಇಳಿಯುತ್ತಿದ್ದಂತೆ ತೆಗೆದು ಡೆಸಿಕೇಟರ್‌ಗೆ (ತೇವ ತಾಗದ ಮುಚ್ಚಿದ ಪಾತ್ರೆಗೆ) ಹಾಕಿ, ಅದೇ ದಿನ ತೂಗಿ. ಲಿಥಿಯಂ 10 ಶೇಕಡಾ ಹೆಚ್ಚು ಹಾಕಿ, ಬಿಸಿಗೆ ಅದು ಹಾರಿಹೋಗುತ್ತದೆ. ಐಸೊಪ್ರೊಪನಾಲ್‌ನಲ್ಲಿ ಜಿರ್ಕೋನಿಯಾ ಗುಂಡುಗಳ ಜೊತೆ ಅರೆದು, ಒಣಗಿಸಿ, 900ರಲ್ಲಿ ಒಮ್ಮೆ ಸುಟ್ಟು, ಮತ್ತೆ ಅರೆದು ಪೆಲೆಟ್ ಒತ್ತಿ.

ಸಿಂಟರಿಂಗ್‌ಗೆ 1150 ಡಿಗ್ರಿಯಾದರೂ ಬೇಕು. ಪೆಲೆಟನ್ನು ಬರಿದಾಗಿ ಇಡಬೇಡಿ. ಅದೇ ಪುಡಿಯಲ್ಲಿ ಪೂರ್ತಿ ಹುಗಿದು, ಮುಚ್ಚಳ ಹಾಕಿ. ಸುತ್ತಲಿನ ಪುಡಿ ಲಿಥಿಯಂ ಆವಿ ಕೊಡುತ್ತದೆ, ನಿಮ್ಮ ಪೆಲೆಟ್ ತನ್ನದನ್ನು ಉಳಿಸಿಕೊಳ್ಳುತ್ತದೆ. ಮ್ಯಾಗ್ನೀಷಿಯಾ ಕ್ರೂಸಿಬಲ್ ಸಿಕ್ಕರೆ ಒಳ್ಳೆಯದು.

ಸಾಂದ್ರತೆಯನ್ನು ನೀರಿನಲ್ಲಿ ಮುಳುಗಿಸಿ ಅಳೆಯಬೇಡಿ. ಲಿಥಿಯಂ ಹೊರಬಂದು ಆ ಜಾಗಕ್ಕೆ ನೀರಿನ ಪ್ರೋಟಾನ್ ಹೋಗುತ್ತದೆ. ಐಸೊಪ್ರೊಪನಾಲ್ ಬಳಸಿ. ಟೊಳ್ಳೇ ಇಲ್ಲದ ವಸ್ತುವಿನ ಸಾಂದ್ರತೆಯ 93 ಶೇಕಡಾ ದಾಟದಿದ್ದರೆ ಇಂಪಿಡೆನ್ಸ್ (ಎಸಿ ಕರೆಂಟ್‌ಗೆ ಪೆಲೆಟ್ ಒಡ್ಡುವ ತಡೆ) ಅಳೆಯುವ ಮೊದಲು ಇನ್ನೊಂದು ಪೆಲೆಟ್ ಮಾಡಿ.

ಅಳೆಯುವ ದಿನವೇ ಎಮರಿ ಕಾಗದದಲ್ಲಿ ಎರಡೂ ಮುಖ ಒಣಗಾಗಿ ಉಜ್ಜಿ. ಗಾಳಿಯಲ್ಲಿಟ್ಟ ಎಲ್‌ಎಲ್‌ಝಡ್‌ಓ ಮೇಲೆ ಲಿಥಿಯಂ ಕಾರ್ಬೊನೇಟ್ ಪದರ ಕಟ್ಟುತ್ತದೆ. ಅದರ ಮೂಲಕ ಲಿಥಿಯಂ ಸುಲಭವಾಗಿ ಹೋಗುವುದಿಲ್ಲ, ಲಿಥಿಯಂ ಲೋಹವೂ ಅಂಟುವುದಿಲ್ಲ. ಆಮೇಲೆ ಚಿನ್ನದ ಕೋಟಿಂಗ್ ಕೊಡಿ, ಇಲ್ಲದಿದ್ದರೆ ಸಿಲ್ವರ್ ಪೇಸ್ಟ್ ಹಚ್ಚಿ. 1 ಮಿಲಿಮೀಟರ್ ದಪ್ಪ, 1 ಚದರ ಸೆಂಟಿಮೀಟರ್ ಅಗಲದ ಪೆಲೆಟ್‌ಗೆ 0.3 ಮಿಲಿಸೀಮನ್ಸ್ ಅಂದರೆ ಸುಮಾರು 333 ಓಮ್. ನಿಮ್ಮ ಇಂಪಿಡೆನ್ಸ್ ಗ್ರಾಫ್ ಅದರ ಆಸುಪಾಸು ಬಂದರೆ ದಾರಿ ಸರಿ ಇದೆ.

ನಿಮ್ಮ ಗೈಡ್ 'ವಾಹಕತೆ ಹೆಚ್ಚಿಸಿದರೆ ಬ್ಯಾಟರಿ ಆಯಿತು' ಅಂದರಂತೆ. ಗೌರವದಿಂದಲೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. ಮೇಲಿನದೇ ವಸ್ತುವನ್ನು 20 ಮೈಕ್ರಾನ್ ತೆಳ್ಳಗೆ ಮಾಡಿದರೆ ಅದೇ 333 ಓಮ್ 7 ಓಮ್‌ಗೂ ಕೆಳಗೆ ಇಳಿಯುತ್ತದೆ. ಕಷ್ಟ ಇರುವುದು ಲಿಥಿಯಂ ಲೋಹ ಮತ್ತು ಪೆಲೆಟ್ ಸೇರುವ ಗೆರೆಯಲ್ಲಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ನಾಗ ಫಣಿ ಏಟುಕುರಿ ಅವರ ತಂಡ 2022ರಲ್ಲಿ ಇದನ್ನು ತೋರಿಸಿತು. ಡಿಸ್ಚಾರ್ಜ್ ಆಗುವಾಗ ಲಿಥಿಯಂನಲ್ಲಿ ಸಣ್ಣ ಟೊಳ್ಳುಗಳು ಹುಟ್ಟುತ್ತವೆ. ಅವುಗಳ ಅಂಚಿನಲ್ಲಿ ಕರೆಂಟ್ ಒತ್ತಿಕೊಂಡು ಡೆಂಡ್ರೈಟ್ (ಪೆಲೆಟ್ ಒಳಗೆ ನುಗ್ಗಿ ಬೆಳೆಯುವ ಲಿಥಿಯಂ ಎಳೆ) ಶುರುವಾಗುತ್ತದೆ. ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮ್‌ನ ತೆಳು ಪದರ ಹಾಕಿದರೆ ಅದು ತಡವಾಗುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಈ ಗೆರೆಗೆ ಒಂದು ಅಧ್ಯಾಯ ಕೊಡಿ. ಗೈಡ್ ಜೊತೆ ಮಾತಾಡಲೂ ಅದು ಅನುಕೂಲ.

ಹೊಸ ಬ್ಯಾಚ್ ಆದ ಮೇಲೆ ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಸ್ಫಟಿಕ ರೂಪ ಗುರುತಿಸುವ ಪರೀಕ್ಷೆ) ಚಿತ್ರ ಇಲ್ಲೇ ಹಾಕಿ. ತಾಮ್ರದ ಸೋರ್ಸ್ ಆದರೆ 31 ಡಿಗ್ರಿ ಹತ್ತಿರದ ಪೀಕ್ ಒಂದೇ ಇದೆಯಾ, ಸೀಳಿದೆಯಾ ಮೊದಲು ನೋಡಿ. ಸೀಳಿದ್ದರೆ ಟೆಟ್ರಾಗೋನಲ್. 28.6ರ ಹತ್ತಿರ ಹೊಸದೊಂದು ಎದ್ದಿದ್ದರೆ ಲಿಥಿಯಂ ಹಾರಿ ಪೈರೋಕ್ಲೋರ್ (ಲಿಥಿಯಂ ಇಲ್ಲದ ಲ್ಯಾಂಥನಮ್-ಜಿರ್ಕೋನಿಯಂ ಆಕ್ಸೈಡ್) ಆಗಿದೆ. ಆಗ ಹುಗಿಯುವ ಪುಡಿ ಹೆಚ್ಚಿಸಿ, ಸಿಂಟರ್ ಮಾಡುವ ಹೊತ್ತು ಕಡಿಮೆ ಮಾಡಿ. ಪುಡಿಯಾದ ಹಳೇ ಪೆಲೆಟ್ ಎಸೆಯಬೇಡಿ, ಅದರದ್ದೂ ಒಂದು ಎಕ್ಸ್‌ಆರ್‌ಡಿ ತೆಗೆಸಿ. ಲ್ಯಾಂಥನಮ್ ಹೈಡ್ರಾಕ್ಸೈಡ್ ಕಂಡರೆ ನನ್ನ ಅನುಮಾನ ನಿಜ.