ಹಿರಿಯರಿಗೆ ಆನ್‌ಲೈನ್ ದಿನಸಿ: ಕೇಳಿದ್ದೊಂದು, ಬಂದದ್ದೊಂದು ಆದರೆ

ಹಿರಿಯರಿಗಾಗಿ ನಿಮ್ಮ ಸ್ವಯಂಸೇವಕರು ಆಪ್‌ನಲ್ಲಿ ದಿನಸಿ ಸರಿಯಾಗೇ ಆರ್ಡರ್ ಮಾಡಿದರೂ ಅವರಿಗೆ ಬೇರೆ ಬ್ರ್ಯಾಂಡ್ ತಲುಪುತ್ತಿದೆ, ಯಾಕೆ ಅಂತ ಕೇಳಿದ್ದಿರಿ. ಬಹುಶಃ ಕಾರಣ ಆಪ್‌ನಲ್ಲಿರುವ ‘ಬದಲಿ ಸಾಮಾನು’ ಆಯ್ಕೆ. ಅದರಿಂದಾಗಿ ಸ್ಟಾಕ್ ಇಲ್ಲದ್ದಕ್ಕೆ ಅಂಗಡಿಯವರೇ ಬೇರೆಯದನ್ನು ಹಾಕಿ ಕಳಿಸುತ್ತಿರಬೇಕು.

ಮೊದಲು ಆ ಆಯ್ಕೆ ಆಫ್ ಮಾಡಿ. ಕೆಲವು ಆಪ್‌ಗಳಲ್ಲಿ ಅದು ಸೆಟ್ಟಿಂಗ್ಸ್‌ನಲ್ಲಿರುತ್ತದೆ, ಕೆಲವದರಲ್ಲಿ ಪ್ರತಿ ಸಲ ಹಣ ಕಟ್ಟುವ ಮುಂಚೆ ಕೇಳುತ್ತದೆ. ಆಮೇಲೆ ಹಿರಿಯರ ಮನೆಯಲ್ಲಿರುವ ಖಾಲಿ ಪ್ಯಾಕೆಟ್‌ಗಳ ಫೋಟೊ ತರಿಸಿಕೊಳ್ಳಿ. ಅದೇ ಬ್ರ್ಯಾಂಡ್, ಅದೇ ತೂಕ ನೋಡಿ ಪ್ರತಿಯೊಬ್ಬರಿಗೂ ಒಂದು ಕಾಯಂ ಪಟ್ಟಿ ಸೇವ್ ಮಾಡಿಡಿ. ಸಕ್ಕರೆ ಕಾಯಿಲೆ, ಬಿಪಿ, ಅಲರ್ಜಿ ಇರುವವರ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಅವರ ಪಟ್ಟಿಯಲ್ಲಿ ‘ಬದಲಿ ಬೇಡ’ ಅಂತಲೇ ಬರೆಯಿರಿ. ಉಳಿದವರನ್ನು ‘ಇದು ಸಿಗದಿದ್ದರೆ ಬೇರೆ ಯಾವುದು ತರಿಸಲಿ, ಇಲ್ಲಾ ಬಿಟ್ಟುಬಿಡಲಾ?’ ಎಂದು ಮೊದಲೇ ಕೇಳಿ.

ಆರ್ಡರ್ ಹಾಕುವ ಮುಂಚೆ ಪಟ್ಟಿ, ಮೊತ್ತ ಎರಡನ್ನೂ ನಿಧಾನವಾಗಿ ಓದಿ ಹೇಳಿ. ಅವರ ಒಟಿಪಿ, ಕಾರ್ಡ್ ಪಿನ್ ಮಾತ್ರ ಕೇಳಲೇಬೇಡಿ. ಸಾಮಾನು ಬಂದ ಮೇಲೆ ಹಣ ಕೊಡುವ ಅವಕಾಶವಿದ್ದರೆ ಅದೇ ಒಳ್ಳೆಯದು.

ತಪ್ಪು ಬಂದಿದ್ದರೂ ಸಂಕೋಚಕ್ಕೆ ಎಷ್ಟೋ ಹಿರಿಯರು ಹೇಳುವುದೇ ಇಲ್ಲ. ತಲುಪಿದ ಕೂಡಲೇ ನೀವೇ ಫೋನ್ ಮಾಡಿ ವಿಚಾರಿಸಿ. ತಪ್ಪು ಬಂದಿದ್ದರೆ ಪ್ಯಾಕೆಟ್ ಒಡೆಯುವ ಮೊದಲು ಫೋಟೊ ತೆಗೆಸಿಕೊಂಡು, ಅದೇ ದಿನ ರಿಟರ್ನ್ ಹಾಕಿ.